ಜಾಂಗೋ ಕಲಿಯಲು ಯಾವ ಪುಸ್ತಕ? ಒಂದು ಕೊಂಡು ಕೆಟ್ಟಿದ್ದೇನೆ

ಆರಿದ್ರಾ, ಹೊಸನಗರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಬಿ.ಕಾಂ. ಓದಿದವಳು. ಮನೆಯ ತೋಟದ ಲೆಕ್ಕದ ಜೊತೆಗೆ, ನಮ್ಮೂರಿನ ನಾಲ್ಕು ಮನೆಯವರು ಸೇರಿ ಮಾಡಿಸುವ ಅಡಿಕೆ ಸುಲಿತದ ಲೆಕ್ಕವೂ ನನ್ನ ಪಾಲಿಗೆ ಬಂದಿದೆ. ಸುಲಿಯಲು ಬರುವವರು ಇಪ್ಪತ್ತಮೂರು ಜನ. ಯಾರು, ಯಾವ ದಿನ, ಯಾರ ಮನೆಯ ಅಡಿಕೆಯನ್ನು ಎಷ್ಟು ಕೆಜಿ ಸುಲಿದರು, ಮುಂಗಡ ಪಡೆದದ್ದೆಷ್ಟು, ಅದರಲ್ಲಿ ಮುರಿದುಕೊಂಡದ್ದೆಷ್ಟು, ಎಲ್ಲವೂ ಒಂದು ಉದ್ದನೆಯ ಕಿರ್ದಿ ಪುಸ್ತಕದಲ್ಲಿದೆ. ಶನಿವಾರ ಸಂಜೆ ಕೂಲಿ ಕೊಡುವ ಹೊತ್ತಿಗೆ ಕೂಡಿ ಕಳೆದು ಹಣ್ಣಾಗಿರುತ್ತೇನೆ.

ಆರು ತಿಂಗಳಿಂದ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದೇನೆ. ಲೂಪ್, ಫಂಕ್ಷನ್, ಕ್ಲಾಸ್ ತನಕ ಬಂದಿದ್ದೇನೆ. ಈ ಕಿರ್ದಿಯನ್ನು ವೆಬ್‌ಗೆ ತಂದು, ನಾಲ್ಕು ಮನೆಯವರೂ ಮೊಬೈಲ್‌ನಲ್ಲಿ ನೋಡುವ ಹಾಗೆ ಮಾಡಬೇಕೆಂಬ ಆಸೆ. ಅದಕ್ಕೆ ಪೈಥಾನ್‌ನಲ್ಲಿ ಜಾಲತಾಣ ಕಟ್ಟಲು ಬಳಸುವ ಜಾಂಗೋ ಎಂಬ ಚೌಕಟ್ಟು ಒಳ್ಳೆಯದೆಂದು ಕೇಳಿದ್ದೆ. ಹೋದ ತಿಂಗಳು ಶಿವಮೊಗ್ಗಕ್ಕೆ ಹೋದಾಗ ಹಳೆಯ ಪುಸ್ತಕ ಮಾರುವವರ ಬಳಿ ದಪ್ಪನೆಯ ಜಾಂಗೋ ಪುಸ್ತಕವೊಂದು 150 ರೂಪಾಯಿಗೆ ಸಿಕ್ಕಿತು. ಬಹಳ ಖುಷಿಯಿಂದ ತಂದೆ.

ಮೊದಲ ಅಧ್ಯಾಯದ ಒಂದು ಸಾಲೂ ಓಡಲಿಲ್ಲ. ಡೇಟಾಬೇಸ್‌ನಲ್ಲಿ ಕೋಷ್ಟಕ ಮಾಡಲು ‘ಸಿಂಕ್‌ಡಿಬಿ’ ಎಂದು ಕೊಟ್ಟರೆ ಅಂಥ ಆಜ್ಞೆಯೇ ಗೊತ್ತಿಲ್ಲ ಎನ್ನುತ್ತದೆ. ಪುಟಗಳ ವಿಳಾಸಪಟ್ಟಿ ಬರೆಯುವ ‘ಪ್ಯಾಟರ್ನ್ಸ್’ ಎಂಬುದನ್ನು ಇಂಪೋರ್ಟ್ ಮಾಡಲು ಆಗುವುದಿಲ್ಲ. ನನ್ನದೇ ತಪ್ಪಿರಬೇಕೆಂದು ಮೂರು ದಿನ ಪುಸ್ತಕದ ಮೇಲೆ ಅಡ್ಡಪಟ್ಟಿ ಇಟ್ಟುಕೊಂಡು ಅಕ್ಷರ ಅಕ್ಷರ ಹೋಲಿಸಿದೆ. ಎಲ್ಲವೂ ಸರಿಯಾಗಿದೆ, ಆದರೂ ಓಡುವುದಿಲ್ಲ.

ನನಗೆ ಯಾವ ಪುಸ್ತಕ ಸರಿ? ಅಚ್ಚಾದದ್ದು ಕೊಳ್ಳಲೋ, ಇ-ಪುಸ್ತಕವೋ? ಈಗ ಪುಷ್ಯ ಮಳೆ ಹಿಡಿದಿದೆ. ಕರೆಂಟ್ ಬಂದರೆ ಬಂತು, ಹೋದರೆ ಹೋಯಿತು. ನೆಟ್‌ವರ್ಕ್ ಬೇಕೆಂದರೆ ಮನೆ ಹಿಂದಿನ ಗುಡ್ಡ ಹತ್ತಬೇಕು. ಅದನ್ನೂ ಗಮನದಲ್ಲಿ ಇಟ್ಟುಕೊಂಡು ಹೇಳಿ.

ಶಂಕರಘಟ್ಟದ ಹಳೆಯ ವಿದ್ಯಾರ್ಥಿ

ಆರಿದ್ರಾ ಅವರೇ, ಒಂದು ಕೆಲಸ ಮಾಡಿ. ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಮುದ್ರಣದ ವರ್ಷ ಇರುತ್ತದೆ. ಮುನ್ನುಡಿಯಲ್ಲಿ ಎಲ್ಲೋ ಒಂದು ಕಡೆ ಜಾಂಗೋ ಆವೃತ್ತಿ ಇರುತ್ತದೆ. ಎರಡನ್ನೂ ಇಲ್ಲಿ ಬರೆಯಿರಿ.

ಆರಿದ್ರಾ

2013. ಜಾಂಗೋ 1.5 ಎಂದಿದೆ. ಪೈಥಾನ್ 2.7.

ಶಂಕರಘಟ್ಟದ ಹಳೆಯ ವಿದ್ಯಾರ್ಥಿ

ಹಾಗಾದರೆ ನಿಮ್ಮ ತಪ್ಪು ಏನೂ ಇಲ್ಲ. ಪುಸ್ತಕ ಒಂದು ಕಾಲದ್ದು, ನಿಮ್ಮ ಕಂಪ್ಯೂಟರ್‌ನಲ್ಲಿರುವ ಜಾಂಗೋ ಇನ್ನೊಂದು ಕಾಲದ್ದು. ಎತ್ತು ಏರಿಗೆ, ಕೋಣ ನೀರಿಗೆ.

ನಡುವೆ ಏನೇನು ಆಯಿತು ಎಂದು ಹೇಳುತ್ತೇನೆ, ಮುಂದೆ ಪುಸ್ತಕ ಆರಿಸುವಾಗ ಇದೇ ನಿಮಗೆ ಅಳತೆಗೋಲು. 2014ರಲ್ಲಿ 1.7 ಬಂದಾಗ ಕೋಷ್ಟಕದ ರಚನೆ ಬದಲಿಸುವ ಮೈಗ್ರೇಷನ್ ಎಂಬುದು ಜಾಂಗೋದ ಒಳಗೇ ಸೇರಿತು, ‘ಸಿಂಕ್‌ಡಿಬಿ’ ಬದಿಗೆ ಸರಿಯಿತು, ಆಮೇಲೆ 1.9ರಲ್ಲಿ ಪೂರ್ತಿ ಹೋಯಿತು. ‘ಪ್ಯಾಟರ್ನ್ಸ್’ 1.10ರಲ್ಲಿ ಹೋಯಿತು. 2017ರ ಡಿಸೆಂಬರ್‌ನಲ್ಲಿ ಬಂದ 2.0 ದೊಡ್ಡ ಗಡಿ. ಅಲ್ಲಿ ಪೈಥಾನ್ 2ರ ಸಹವಾಸ ಬಿಟ್ಟರು. ವಿಳಾಸಗಳನ್ನು ಬರೆಯಲು ರೆಗ್ಯುಲರ್ ಎಕ್ಸ್‌ಪ್ರೆಷನ್‌ಗಳ (ಅಕ್ಷರಗಳ ಮಾದರಿ ಹೇಳುವ ಸಂಕೇತಗಳು) ಕಗ್ಗದ ಬದಲು ‘ಪಾತ್’ ಎಂಬ ಸರಳ ವಿಧಾನ ತಂದರು. ಒಂದು ಕೋಷ್ಟಕವನ್ನು ಇನ್ನೊಂದಕ್ಕೆ ಜೋಡಿಸುವ ಫಾರಿನ್ ಕೀ ಬರೆಯುವಾಗ, ಜೋಡಿಸಿದ ಸಾಲು ಅಳಿಸಿದರೆ ಏನಾಗಬೇಕೆಂದು ಹೇಳುವ ‘ಆನ್ ಡಿಲೀಟ್’ ಕಡ್ಡಾಯವಾಯಿತು. ಹಳೆಯ ‘ಯುಆರ್‌ಎಲ್’ ಫಂಕ್ಷನ್ 2021ರ ಡಿಸೆಂಬರ್‌ನಲ್ಲಿ 4.0 ಬಂದಾಗ ಮಾಯವಾಯಿತು.

ಆದ್ದರಿಂದ 2.0ಕ್ಕಿಂತ ಹಿಂದಿನ ಪುಸ್ತಕವನ್ನು ಬಿಟ್ಟಿಯಾಗಿ ಕೊಟ್ಟರೂ ತೆಗೆದುಕೊಳ್ಳಬೇಡಿ. 4.2 ಅಥವಾ ಅದಕ್ಕಿಂತ ಹೊಸದಾದರೆ ಸರಿ. ಜಾಂಗೋ ಸುಮಾರು ಎಂಟು ತಿಂಗಳಿಗೊಂದು ಆವೃತ್ತಿ ತರುತ್ತದೆ, ಆದರೆ ಚುಕ್ಕೆ ಎರಡು ಎಂದು ಕೊನೆಗೊಳ್ಳುವ ಆವೃತ್ತಿಗಳಿಗೆ ಮೂರು ವರ್ಷದ ಬೆಂಬಲ ಇರುತ್ತದೆ. 5.2 ಬಂದದ್ದು 2025ರ ಏಪ್ರಿಲ್‌ನಲ್ಲಿ, ಅದಕ್ಕೆ 2028ರ ಏಪ್ರಿಲ್‌ವರೆಗೆ ಭದ್ರತಾ ತಿದ್ದುಪಡಿಗಳು ಬರುತ್ತವೆ. ಅದರ ಮೇಲೆ ಬರೆದ ಪುಸ್ತಕ ಸಿಕ್ಕಿದರೆ ಕಣ್ಣು ಮುಚ್ಚಿಕೊಂಡು ತೆಗೆದುಕೊಳ್ಳಿ.

ಕೊನೆಗಾರ

ಪುಸ್ತಕವೇ ಯಾಕೆ ಬೇಕು? ನಾನು ಮೂರು ವರ್ಷದಿಂದ ವೆಬ್ ಕೆಲಸ ಮಾಡುತ್ತಿದ್ದೇನೆ, ಒಂದು ಪುಸ್ತಕ ಕೊಂಡಿಲ್ಲ. ಎಲ್ಲವೂ ವಿಡಿಯೋದಲ್ಲಿ ಇದೆ, ಅದೂ ಉಚಿತ. ಕಣ್ಣ ಮುಂದೆ ಮಾಡಿ ತೋರಿಸುತ್ತಾರೆ. ಅಡಿಕೆ ಕೊನೆ ಕೊಯ್ಯುವುದನ್ನು ಪುಸ್ತಕ ಓದಿ ಕಲಿತವರು ಇದ್ದಾರೆಯೇ?

ಭದ್ರಾವತಿ ಹುಡುಗ

ನನ್ನ ಮಾತು ಬೇರೆ. ಜಾಂಗೋ ಬಿಡಿ, ಪಿಎಚ್‌ಪಿ ಭಾಷೆಯಲ್ಲಿ ಅದೇ ಬಗೆಯ ಚೌಕಟ್ಟಾದ ಲಾರಾವೆಲ್ ಕಲಿಯಿರಿ. ಇಲ್ಲಿ ಅಂಗಡಿ, ಲಾಡ್ಜ್, ಕಲ್ಯಾಣಮಂಟಪದವರಿಗೆ ಜಾಲತಾಣ ಮಾಡಿಕೊಡುತ್ತೇನೆ. ಎಲ್ಲರೂ ಕೊಳ್ಳುವ ಅಗ್ಗದ ಹೋಸ್ಟಿಂಗ್‌ನಲ್ಲಿ ಪಿಎಚ್‌ಪಿ ಮೊದಲೇ ಕೂತಿರುತ್ತದೆ. ಪೈಥಾನ್ ಹಾಕಿಸಲು ಪರದಾಡಬೇಕು.

ಸಾಗರದ ನಿವೃತ್ತ ಮೇಷ್ಟ್ರು

ಭದ್ರಾವತಿಯವರ ಮಾತು ಅವರ ಕೆಲಸಕ್ಕೆ ಸರಿ. ಆದರೆ ಈಕೆ ಆರು ತಿಂಗಳು ಪೈಥಾನ್ ಕಲಿತಿದ್ದಾರೆ. ಅದನ್ನು ಬದಿಗಿಟ್ಟು ಇನ್ನೊಂದು ಭಾಷೆಯ ಅಕ್ಷರಾಭ್ಯಾಸಕ್ಕೆ ಕೂರಿಸುವುದು ನ್ಯಾಯವಲ್ಲ. ಮೇಲಾಗಿ ಕೆಲಸ ಯಾವುದೆಂದು ನೋಡಿ. ಸುಂದರವಾದ ಜಾಲತಾಣ ಬೇಕಾಗಿಲ್ಲ, ನಮೂದಿಸುವ ಪುಸ್ತಕ ಬೇಕು. ಜಾಂಗೋ ಹುಟ್ಟಿದ್ದೇ ಪತ್ರಿಕಾ ಕಚೇರಿಯಲ್ಲಿ. ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ‘ಲಾರೆನ್ಸ್ ಜರ್ನಲ್-ವರ್ಲ್ಡ್’ ಪತ್ರಿಕೆಯಲ್ಲಿ 2003ರ ಹೊತ್ತಿಗೆ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ ಶುರು ಮಾಡಿದ್ದು, 2005ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟದ್ದು. ಸುದ್ದಿಮನೆಯವರಿಗೆ ಬೇಕಾದದ್ದು ಬೇಗ ಬೇಗ ಮಾಹಿತಿ ತುಂಬುವ ಒಂದು ಜಾಗ. ಅದಕ್ಕೇ ಜಾಂಗೋದಲ್ಲಿ ‘ಅಡ್ಮಿನ್’ ಎಂಬ ಸಿದ್ಧ ನಮೂನೆ ಬರುತ್ತದೆ. ಕೋಷ್ಟಕ ಹೇಗಿರಬೇಕೆಂದು ನೀವು ಹೇಳಿದರೆ ಸಾಕು, ತುಂಬುವ, ತಿದ್ದುವ, ಹುಡುಕುವ ಪುಟಗಳನ್ನು ಅದೇ ಕಟ್ಟಿಕೊಡುತ್ತದೆ. ಸುಲಿತದ ಕಿರ್ದಿಗೆ ಇದಕ್ಕಿಂತ ಹತ್ತಿರದ್ದು ಇನ್ನೊಂದಿಲ್ಲ.

ಒಂದು ತಮಾಷೆ ಹೇಳುತ್ತೇನೆ. ಜಾಂಗೋದ ಒಳಗಿನ ಮೂಲ ಸೆಟ್ಟಿಂಗ್‌ಗಳಲ್ಲಿ ಸಮಯ ವಲಯ ಇವತ್ತಿಗೂ ‘ಅಮೆರಿಕ/ಶಿಕಾಗೊ’ ಎಂದೇ ಇದೆ. ಲಾರೆನ್ಸ್‌ನ ಗಡಿಯಾರ ಅದು. ಹೊಸ ಪ್ರಾಜೆಕ್ಟ್ ತೆರೆದರೆ ಅದರ ಮೇಲೆ ‘ಯುಟಿಸಿ’ ಎಂಬ ಜಾಗತಿಕ ಸಮಯ ಬರೆದುಕೊಡುತ್ತದೆ. ನೀವು ‘ಏಷ್ಯಾ/ಕೋಲ್ಕತಾ’ ಎಂದು ಬದಲಿಸದಿದ್ದರೆ ಬೆಳಗಿನ ಜಾವ ನಾಲ್ಕಕ್ಕೆ ನಮೂದಿಸಿದ್ದು ಹಿಂದಿನ ದಿನದ ಲೆಕ್ಕಕ್ಕೆ ಹೋಗಿ ಕೂರುತ್ತದೆ. ಸುಲಿತದ ಕಾಲದಲ್ಲಿ ಆ ಹೊತ್ತಿಗೆ ಮನೆಯಲ್ಲಿ ಎಲ್ಲರೂ ಎದ್ದಿರುತ್ತಾರಲ್ಲ.

ಆರಿದ್ರಾ

ಮೇಷ್ಟ್ರೇ, ನೀವು ಹೇಳಿದ್ದು ಕೇಳಿ ಧೈರ್ಯ ಬಂತು. ಪೈಥಾನ್‌ನದೇ ಇನ್ನೊಂದು ಚೌಕಟ್ಟು ಫ್ಲಾಸ್ಕ್ ಚಿಕ್ಕದು, ಸುಲಭ ಎಂದು ನನ್ನ ತಮ್ಮ ಹೇಳುತ್ತಾನೆ. ಅದು ಹೇಗೆ?

ಶಂಕರಘಟ್ಟದ ಹಳೆಯ ವಿದ್ಯಾರ್ಥಿ

ಫ್ಲಾಸ್ಕ್ ಚಿಕ್ಕದು ಹೌದು. 2010ರಲ್ಲಿ ಏಪ್ರಿಲ್ ಒಂದರ ತಮಾಷೆಯಿಂದ ಶುರುವಾದದ್ದು ಅದು. ಹತ್ತು ಸಾಲಿನಲ್ಲಿ ಪುಟ ಬರುತ್ತದೆ. ಆದರೆ ಹನ್ನೊಂದನೆಯ ಸಾಲಿಗೆ ಡೇಟಾಬೇಸ್ ಬೇಕು, ಆಮೇಲೆ ಲಾಗಿನ್, ಆಮೇಲೆ ಫಾರ್ಮ್. ಒಂದೊಂದಕ್ಕೂ ಬೇರೆ ಬೇರೆ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಆರಿಸಿ ತಂದು ಜೋಡಿಸಬೇಕು. ಅಡಿಗೆಮನೆಯಲ್ಲಿ ಒಲೆ ಮಾತ್ರ ಇದೆ, ಪಾತ್ರೆ ನೀವೇ ತನ್ನಿ ಎಂದ ಹಾಗೆ. ಫ್ಲಾಸ್ಕ್ ಪುಸ್ತಕ ಬರೆದವರು ಯಾವ ಲೈಬ್ರರಿ ಆರಿಸಿದ್ದಾರೋ ಅದರ ಆಯಸ್ಸೇ ಪುಸ್ತಕದ ಆಯಸ್ಸು. ಒಂದೇ ಪುಟ ತೋರಿಸುವ ಕೆಲಸವಾಗಿದ್ದರೆ ಫ್ಲಾಸ್ಕ್ ಎನ್ನುತ್ತಿದ್ದೆ; ಅಲ್ಲಿ ಜಾಂಗೋ ತಂದರೆ ಮೂಗಿಗಿಂತ ಮೂಗುತಿ ಭಾರ. ನಿಮ್ಮದು ಅಂಥದ್ದಲ್ಲ.

ಮರದ ಕಪಾಟು, ತೀರ್ಥಹಳ್ಳಿ

ಯಾರೂ ಪುಸ್ತಕದ ಹೆಸರು ಹೇಳುತ್ತಿಲ್ಲ ಎಂದು ಆರಿದ್ರಾ ಅವರಿಗೆ ಅನ್ನಿಸುತ್ತಿರಬಹುದು. ನಾನೂ ಹೇಳುವುದಿಲ್ಲ. ಕಾರಣ ಇದೆ. ಇವತ್ತು ನಾನು ಒಂದು ಹೆಸರು ಬರೆದರೆ, ಎರಡು ವರ್ಷ ಬಿಟ್ಟು ಇದನ್ನು ಓದುವ ಇನ್ನೊಬ್ಬರು ಅದೇ ಹೆಸರಿನ ಹಳೆಯ ಆವೃತ್ತಿ ಹುಡುಕಿ ಕೊಂಡು, ನಿಮ್ಮ ಹಾಗೆಯೇ ಅಡ್ಡಪಟ್ಟಿ ಹಿಡಿದು ಕೂರುತ್ತಾರೆ. ಹೆಸರನ್ನು ಅವರಿಗೆ ಬೇರೆಯಾಗಿ ಕಳಿಸುತ್ತೇನೆ. ಆರಿಸುವ ಬಗೆಯನ್ನು ಇಲ್ಲಿ ಬರೆಯುತ್ತೇನೆ.

ನಾನು ಗ್ರಂಥಾಲಯದಲ್ಲಿ ಕೆಲಸ ಮಾಡಿದವನು. ತಾಂತ್ರಿಕ ಪುಸ್ತಕ ಬಂದರೆ ಮೊದಲು ಹಿಂಬದಿಯ ರಟ್ಟು ಓದುತ್ತಿರಲಿಲ್ಲ, ಅಲ್ಲಿ ಎಲ್ಲ ಪುಸ್ತಕವೂ ಚಿನ್ನವೇ. ಪರಿವಿಡಿಯನ್ನೂ ನಂಬುತ್ತಿರಲಿಲ್ಲ. ಪುಸ್ತಕದ ಕೋಡ್ ಇಟ್ಟಿರುವ ಜಾಗದ ವಿಳಾಸ ಮುನ್ನುಡಿಯಲ್ಲಿ ಇರುತ್ತದೆ, ಅಲ್ಲಿಗೆ ಹೋಗಿ ನೋಡಿ. ಓದುಗರು ‘ಇದು ಓಡುತ್ತಿಲ್ಲ’ ಎಂದು ಬರೆದದ್ದಕ್ಕೆ ಬರೆದವರು ಉತ್ತರಿಸಿದ್ದಾರೆಯೇ? ಕೊನೆಯ ತಿದ್ದುಪಡಿ ಯಾವಾಗ ಆಗಿದೆ? ಬರೆದವರು ಪುಸ್ತಕವನ್ನು ಮಾರಿ ಕೈ ತೊಳೆದುಕೊಂಡಿದ್ದಾರೋ, ಇನ್ನೂ ಅದರ ಜೊತೆ ಇದ್ದಾರೋ ಎಂಬುದು ಐದು ನಿಮಿಷದಲ್ಲಿ ತಿಳಿಯುತ್ತದೆ.

ಆಮೇಲೆ ಕೊನೆಯ ಅಧ್ಯಾಯ. ಮಾಡಿದ್ದನ್ನು ಅಂತರಜಾಲಕ್ಕೆ ಏರಿಸುವ ಅಧ್ಯಾಯ ಎಲ್ಲ ಪುಸ್ತಕದಲ್ಲೂ ಮೊದಲು ಹಳಸುವ ಅನ್ನ. ಒಂದು ಕಾಲದ ಬಹಳಷ್ಟು ಪುಸ್ತಕಗಳು ಹೆರೋಕು ಎಂಬ ಸೇವೆಯಲ್ಲಿ ಉಚಿತವಾಗಿ ಇಡಿ ಎಂದು ಹೇಳಿಕೊಟ್ಟವು. ಆ ಉಚಿತ ಯೋಜನೆ 2022ರ ನವೆಂಬರ್ 28ಕ್ಕೆ ಮುಗಿಯಿತು. ಈಗಲೂ ಅದನ್ನೇ ಹೇಳುವ ಪುಸ್ತಕವಾದರೆ ಅದಕ್ಕೆ ಎಷ್ಟು ವಯಸ್ಸೆಂದು ಲೆಕ್ಕ ಹಾಕಿಕೊಳ್ಳಿ.

ಅಚ್ಚೋ ಇ-ಪುಸ್ತಕವೋ ಎಂದಿರಿ. ಮಲೆನಾಡಿನ ಮಳೆಗಾಲದಲ್ಲಿ ಅಚ್ಚಿನ ಪುಸ್ತಕಕ್ಕೆ ಬೂಷ್ಟು ಹಿಡಿಯುವುದು ಗ್ಯಾರಂಟಿ. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಬೂಷ್ಟು ಹಿಡಿಯದು, ಹೊಗೆ ಹಿಡಿಯುತ್ತದೆ. ನನ್ನ ಒಂದು ಪುಸ್ತಕ ಈಗಲೂ ತೆರೆದರೆ ಹಪ್ಪಳದ ವಾಸನೆ. ಆದರೂ ನಾನು ಅಚ್ಚೇ ಎನ್ನುತ್ತೇನೆ. ಸಣ್ಣ ಪರದೆಯ ಲ್ಯಾಪ್‌ಟಾಪ್‌ನಲ್ಲಿ ಒಂದು ಕಡೆ ಪುಸ್ತಕ, ಇನ್ನೊಂದು ಕಡೆ ಕೋಡ್ ಇಟ್ಟುಕೊಳ್ಳುವುದು ಹಿಂಸೆ. ಜೊತೆಗೆ ಇ-ಪುಸ್ತಕವಾದರೆ ನಕಲು ಮಾಡಿ ಅಂಟಿಸುವ ಆಸೆ ಬರುತ್ತದೆ. ಕೈಯಾರೆ ಹೊಡೆಯಬೇಕು, ತಪ್ಪಬೇಕು, ತಪ್ಪು ಹುಡುಕಬೇಕು.

ಕೊನೆಗಾರ

ನೋಡಿ, ವಿಡಿಯೋದಲ್ಲೂ ಕೈಯಾರೆ ಹೊಡೆಯಬಹುದು. ನಿಲ್ಲಿಸಿ ನಿಲ್ಲಿಸಿ ಹೊಡೆದರಾಯಿತು.

ಆರಿದ್ರಾ

ಅಣ್ಣ, ನಾಲ್ಕು ಗಂಟೆಯ ವಿಡಿಯೋ ನೋಡಲು ನಾನು ನಾಲ್ಕು ಗಂಟೆ ಗುಡ್ಡದ ಮೇಲೆ ಕೂರಬೇಕು. ಉಂಬಳದ (ಜಿಗಣೆ) ಕಾಟ ಬೇರೆ.

ಶಂಕರಘಟ್ಟದ ಹಳೆಯ ವಿದ್ಯಾರ್ಥಿ

ಕೊನೆಗಾರರ ಮಾತಿನಲ್ಲಿ ಅರ್ಧ ಸತ್ಯ ಇದೆ. ಯಾವ ಕಿಟಕಿ ಎಲ್ಲಿ ತೆರೆಯುತ್ತದೆ, ಟರ್ಮಿನಲ್ ಎಂದರೆ ಏನು, ಎಂಬುದನ್ನು ಕಣ್ಣಿಂದ ನೋಡಿದರೆ ಬೇಗ ಗೊತ್ತಾಗುತ್ತದೆ. ಪುಸ್ತಕ ಅದನ್ನು ಎರಡು ಪುಟದಲ್ಲಿ ಹೇಳಿದರೂ ಗಲಿಬಿಲಿ. ಆದರೆ ಎರಡು ತಿಂಗಳ ನಂತರ ‘ಆ ಫಾರಿನ್ ಕೀ ಸಂಗತಿ ಎಲ್ಲಿ ಹೇಳಿದ್ದರು’ ಎಂದು ಹುಡುಕಿದರೆ, ವಿಡಿಯೋದಲ್ಲಿ ಅದು ಸಿಗುವುದಿಲ್ಲ. ಪುಸ್ತಕದಲ್ಲಿ ಎಡಗಡೆ ಪುಟದ ಕೆಳಗೆ ಇತ್ತು ಎಂಬ ನೆನಪಾದರೂ ಉಳಿದಿರುತ್ತದೆ.

ನೆಟ್‌ವರ್ಕ್ ಇಲ್ಲದವರಿಗೆ ಎರಡು ಉಪಾಯ. ಜಾಂಗೋದ ಅಧಿಕೃತ ದಾಖಲೆಗಳನ್ನು ಪೂರ್ತಿಯಾಗಿ ಇಳಿಸಿಕೊಳ್ಳಬಹುದು. ಎಚ್‌ಟಿಎಂಎಲ್, ಪಿಡಿಎಫ್, ಇ-ಪಬ್ ಮೂರು ರೂಪದಲ್ಲೂ ಅವರ ತಾಣದಲ್ಲೇ ಕೊಡುತ್ತಾರೆ. ಪೇಟೆಗೆ ಹೋದಾಗ ಪೆನ್‌ಡ್ರೈವ್‌ಗೆ ಹಾಕಿಕೊಂಡು ಬನ್ನಿ. ಲೈಬ್ರರಿಗಳನ್ನೂ ಹಾಗೆಯೇ: ‘ಪಿಪ್ ಡೌನ್‌ಲೋಡ್’ ಎಂದು ಕೊಟ್ಟರೆ ಇನ್‌ಸ್ಟಾಲ್ ಮಾಡದೆ ಕಡತಗಳನ್ನು ಮಾತ್ರ ತಂದಿಡುತ್ತದೆ, ಮನೆಯಲ್ಲಿ ನೆಟ್ ಇಲ್ಲದೆಯೇ ಆ ಫೋಲ್ಡರ್‌ನಿಂದ ಇನ್‌ಸ್ಟಾಲ್ ಮಾಡಬಹುದು.

ಅಧಿಕೃತ ದಾಖಲೆಗಳಲ್ಲಿ ಎಂಟು ಭಾಗದ ಒಂದು ಪಾಠವಿದೆ, ಪ್ರಶ್ನೆ ಕೇಳಿ ಮತ ಹಾಕಿಸುವ ಸಣ್ಣ ಆ್ಯಪ್ ಕಟ್ಟುವುದು. ಪುಸ್ತಕ ಕೊಳ್ಳುವ ಮೊದಲು ಅದನ್ನು ಮಾಡಿ. ಅದು ಅರ್ಥವಾಗದಿದ್ದರೆ ಬಹುಶಃ ಜಾಂಗೋ ಪುಸ್ತಕಕ್ಕಿಂತ ಮೊದಲು ಎಚ್‌ಟಿಎಂಎಲ್ ಕಲಿಯಬೇಕು. ಅರ್ಥವಾದರೆ ಯಾವ ಪುಸ್ತಕ ಬೇಕೆಂದು ನಿಮಗೇ ಗೊತ್ತಾಗುತ್ತದೆ.

ಭದ್ರಾವತಿ ಹುಡುಗ

ಒಂದು ಸಣ್ಣ ವಿಷಯ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 7 ಇದ್ದರೆ ಪೈಥಾನ್ 3.8ರ ಮೇಲೆ ಏರುವುದಿಲ್ಲ. ಜಾಂಗೋ 5ಕ್ಕೆ ಕನಿಷ್ಠ 3.10 ಬೇಕು. ಹೊಸ ಪುಸ್ತಕ ಕೊಂಡು ಹಳೆಯ ಯಂತ್ರದ ಮುಂದೆ ಕೂತರೆ ಮತ್ತೆ ಅದೇ ಕಥೆ. ಲಾರಾವೆಲ್ ಮಾತು ಹಿಂತೆಗೆದುಕೊಂಡಿದ್ದೇನೆ. ಅದೂ ವರ್ಷಕ್ಕೊಂದು ದೊಡ್ಡ ಆವೃತ್ತಿ ತರುವುದರಿಂದ ಪುಸ್ತಕ ಹಳಸುವ ವಿಷಯದಲ್ಲಿ ನಾವೆಲ್ಲ ಒಂದೇ ದೋಣಿಯವರು.

ಆರಿದ್ರಾ

ವಿಂಡೋಸ್ 10 ಇದೆ. ಬಚಾವಾದೆ.

ಸಾಗರದ ನಿವೃತ್ತ ಮೇಷ್ಟ್ರು

ಗ್ರಂಥಾಲಯದವರು ಹೇಳಿದ್ದಕ್ಕೆ ನನ್ನದೊಂದು ಪರೀಕ್ಷೆ ಸೇರಿಸುತ್ತೇನೆ. ಅಂಗಡಿಯಲ್ಲಿ ನಿಂತಾಗ ಅಥವಾ ಇ-ಪುಸ್ತಕದ ಮಾದರಿ ಪುಟ ನೋಡುವಾಗ, ಫಾರಿನ್ ಕೀ ಮೊದಲ ಸಲ ಬರುವ ಪುಟ ತೆಗೆಯಿರಿ. ಅಲ್ಲಿ ‘ಆನ್ ಡಿಲೀಟ್’ ಎಂಬಲ್ಲಿ ‘ಕ್ಯಾಸ್ಕೇಡ್’ ಎಂದು ಬರೆದಿರುತ್ತಾರೆ. ಯಾಕೆ ಎಂದು ಒಂದು ಪ್ಯಾರಾ ಆದರೂ ವಿವರಿಸಿದ್ದಾರೆಯೇ ನೋಡಿ.

ಇದು ಯಾಕೆ ಮುಖ್ಯ? ಆರಿದ್ರಾ ಅವರ ಕಿರ್ದಿಯನ್ನೇ ತೆಗೆದುಕೊಳ್ಳಿ. ಒಂದು ಕೋಷ್ಟಕದಲ್ಲಿ ಸುಲಿಯುವವರ ಹೆಸರು. ಇನ್ನೊಂದರಲ್ಲಿ ದಿನದಿನದ ಸುಲಿತ. ಪ್ರತಿ ಸಾಲೂ ‘ಇದು ಇಂಥವರ ಸುಲಿತ’ ಎಂದು ಮೊದಲ ಕೋಷ್ಟಕದತ್ತ ಬೆರಳು ಮಾಡುತ್ತದೆ, ಆ ಬೆರಳೇ ಫಾರಿನ್ ಕೀ. ಈಗ ಒಬ್ಬರು ಕೆಲಸ ಬಿಟ್ಟು ಮಗಳ ಊರಿಗೆ ಹೋದರು. ನೀವು ಅವರ ಹೆಸರನ್ನು ಪಟ್ಟಿಯಿಂದ ಅಳಿಸಿದಿರಿ. ‘ಕ್ಯಾಸ್ಕೇಡ್’ ಎಂದಿದ್ದರೆ ಅವರು ವರ್ಷವಿಡೀ ಸುಲಿದ ಎಲ್ಲ ಸಾಲುಗಳೂ ಜೊತೆಗೆ ಅಳಿಸಿಹೋಗುತ್ತವೆ. ಕಿರ್ದಿಯಿಂದ ಪುಟ ಹರಿದ ಹಾಗೆ. ನಾಲ್ಕು ಮನೆಯ ಒಟ್ಟು ಲೆಕ್ಕ ತಪ್ಪುತ್ತದೆ, ಯಾಕೆ ತಪ್ಪಿತೆಂದು ತಿಳಿಯುವುದಿಲ್ಲ. ನಿಮಗೆ ಬೇಕಾದದ್ದು ‘ಪ್ರೊಟೆಕ್ಟ್’: ಸುಲಿತದ ಸಾಲುಗಳು ಇರುವ ತನಕ ಹೆಸರು ಅಳಿಸಲು ಬಿಡುವುದಿಲ್ಲ. ಬ್ಲಾಗ್ ಮತ್ತು ಅದರ ಪ್ರತಿಕ್ರಿಯೆಗಳನ್ನು ಉದಾಹರಣೆ ಕೊಡುವ ಪುಸ್ತಕಕ್ಕೆ ‘ಕ್ಯಾಸ್ಕೇಡ್’ ಸರಿಯೇ, ಬರಹ ಹೋದರೆ ಪ್ರತಿಕ್ರಿಯೆ ಇಟ್ಟುಕೊಂಡು ಏನು ಮಾಡುವುದು. ಹಣದ ಲೆಕ್ಕಕ್ಕೆ ಅದು ಸರಿಯಲ್ಲ. ಈ ವ್ಯತ್ಯಾಸ ಹೇಳುವ ಪುಸ್ತಕ ನಿಮಗೆ ಯೋಚಿಸುವುದನ್ನು ಕಲಿಸುತ್ತದೆ, ಹೇಳದಿರುವುದು ಹೊಡೆಯುವುದನ್ನು ಮಾತ್ರ ಕಲಿಸುತ್ತದೆ.

ಮೈಗ್ರೇಷನ್ ಎಂಬ ಪದಕ್ಕೂ ಹೆದರಬೇಡಿ. ವಲಸೆ ಎಂದು ನಿಘಂಟು ನೋಡಿ ಅರ್ಥ ಮಾಡಿಕೊಂಡರೆ ದಾರಿ ತಪ್ಪುತ್ತೀರಿ. ವರ್ಷದ ಮಧ್ಯೆ ಕಿರ್ದಿಯಲ್ಲಿ ಹೊಸ ಕಾಲಂ ಬೇಕಾಗುತ್ತದೆ, ಸ್ಕೇಲ್ ಇಟ್ಟು ಗೀಟು ಎಳೆಯುತ್ತೀರಿ. ಹಿಂದಿನ ಪುಟಗಳ ಆ ಕಾಲಂನಲ್ಲಿ ಏನು ಬರೆಯುವುದು ಎಂಬ ಪ್ರಶ್ನೆ ಬರುತ್ತದೆ. ಮೈಗ್ರೇಷನ್ ಎಂದರೆ ಇಷ್ಟೇ, ಯಾವ ದಿನ ಯಾವ ಗೀಟು ಎಳೆದಿರಿ ಎಂಬುದನ್ನೂ ಅದು ಬರೆದಿಟ್ಟುಕೊಳ್ಳುತ್ತದೆ.

ಇನ್ನೊಂದು. ತೂಕ, ಹಣ ಎರಡಕ್ಕೂ ‘ಡೆಸಿಮಲ್ ಫೀಲ್ಡ್’ ಬಳಸಿ, ದಶಮಾಂಶವನ್ನು ಅಂದಾಜಾಗಿ ಇಡುವ ‘ಫ್ಲೋಟ್’ ಬೇಡ. ಪೈಥಾನ್‌ನಲ್ಲಿ 0.1ಕ್ಕೆ 0.2 ಕೂಡಿಸಿ ನೋಡಿ, ಉತ್ತರದ ಬಾಲ ನೋಡಿದರೆ ನಿಮಗೇ ಗೊತ್ತಾಗುತ್ತದೆ.

ಮರದ ಕಪಾಟು

ಮೇಷ್ಟ್ರ ಪರೀಕ್ಷೆಯನ್ನು ನನ್ನ ಬಳಿ ಇರುವ ಮೂರು ಪುಸ್ತಕಗಳ ಮೇಲೆ ಮಾಡಿ ನೋಡಿದೆ. ಒಂದು ಮಾತ್ರ ಪಾಸಾಯಿತು. ಆರಿದ್ರಾ ಅವರಿಗೆ ಕಳಿಸಿದ್ದ ಹೆಸರನ್ನು ಬದಲಿಸಬೇಕಾಯಿತು!

ಶಂಕರಘಟ್ಟದ ಹಳೆಯ ವಿದ್ಯಾರ್ಥಿ

ನನ್ನ ಪರೀಕ್ಷೆಯೂ ಇರಲಿ: ಮೊದಲ ಸಲ ‘ಮೈಗ್ರೇಟ್’ ಕೊಡುವ ಮೊದಲೇ ಬಳಕೆದಾರರ ಮಾದರಿಯನ್ನು (ಲಾಗಿನ್ ಆಗುವವರ ವಿವರ ಇಡುವ ಕೋಷ್ಟಕ) ನಮ್ಮದಾಗಿ ಮಾಡಿಕೊಳ್ಳಲು ಪುಸ್ತಕ ಹೇಳುತ್ತದೆಯೇ? ಅದನ್ನು ಮಾಡುವ ವಿಧಾನ ಅಧಿಕೃತ ದಾಖಲೆಗಳಲ್ಲಿದೆ. ಆಮೇಲೆ ಬದಲಿಸಲು ಹೋದರೆ ಡೇಟಾಬೇಸ್‌ನ ಕರುಳು ಬಗೆದ ಹಾಗೆ. ಈ ಪಾಠವನ್ನು ನಾನು ಕಲಿತದ್ದು ಒಂದು ಭಾನುವಾರ ರಾತ್ರಿ, ಸೋಮವಾರ ಬೆಳಿಗ್ಗೆ ಒಪ್ಪಿಸಬೇಕಾದ ಕೆಲಸದಲ್ಲಿ. ವಿವರ ಬೇಡ.

ಆರಿದ್ರಾ (ಐದು ವಾರಗಳ ನಂತರ)

ಎಲ್ಲರಿಗೂ ವರದಿ ಒಪ್ಪಿಸಬೇಕು. ಮತದ ಆ್ಯಪ್‌ನ ಪಾಠವನ್ನು ಎರಡು ಸಲ ಮಾಡಿದೆ. ಮೊದಲ ಸಲ ಏನೂ ತಿಳಿಯಲಿಲ್ಲ, ಎರಡನೆಯ ಸಲ ತಿಳಿಯದಿರುವುದು ಯಾವುದೆಂದು ತಿಳಿಯಿತು. ಆಮೇಲೆ ಕಪಾಟಿನವರು ಹೇಳಿದ ಪುಸ್ತಕದ ಅಚ್ಚಿನ ಪ್ರತಿ ತರಿಸಿದೆ. ಅದು 4.2ರದ್ದು. ನಾನು ಇನ್‌ಸ್ಟಾಲ್ ಮಾಡಿದ್ದು 5.2. ಹೆಚ್ಚಿನದೆಲ್ಲ ಸರಿಯಾಗಿಯೇ ಓಡಿತು. ಲಾಗೌಟ್‌ಗೆ ಬಂದಾಗ ಸಿಕ್ಕಿಬಿದ್ದೆ. ಪುಸ್ತಕದಲ್ಲಿ ಒಂದು ಲಿಂಕ್ ಹಾಕಿದ್ದಾರೆ. ಒತ್ತಿದರೆ 405 ಎಂದು ಬಿಳಿ ಪುಟ.

ಈ ಸಲ ಅಡ್ಡಪಟ್ಟಿ ತರಲಿಲ್ಲ. ಪೆನ್‌ಡ್ರೈವ್‌ನಲ್ಲಿ ತಂದಿದ್ದ ದಾಖಲೆಗಳಲ್ಲಿ 5.0ರ ಬಿಡುಗಡೆ ಟಿಪ್ಪಣಿ ತೆರೆದು ‘ಲಾಗೌಟ್’ ಎಂದು ಹುಡುಕಿದೆ. ಲಿಂಕ್ ಒತ್ತಿ ಹೊರಹೋಗುವುದನ್ನು ಅಲ್ಲಿಂದ ನಿಲ್ಲಿಸಿದ್ದಾರೆ, ‘ಪೋಸ್ಟ್’ ಮಾಡುವ ಫಾರ್ಮ್ ಇರಬೇಕಂತೆ. ಲಿಂಕ್ ತೆಗೆದು ಒಂದು ಬಟನ್ ಇಟ್ಟೆ. ಪುಸ್ತಕದ ಆ ಪುಟದಲ್ಲಿ ಪೆನ್ಸಿಲ್‌ನಿಂದ ಬರೆದಿಟ್ಟಿದ್ದೇನೆ.

ಈಗ ನಿಜವಾದ ತೊಂದರೆ. ಪುಸ್ತಕದಲ್ಲಿ ಪ್ರತಿ ಬರಹಕ್ಕೂ ಅದರ ಶೀರ್ಷಿಕೆಯಿಂದಲೇ ವಿಳಾಸ ಮಾಡುವ ‘ಸ್ಲಗಿಫೈ’ ಎಂಬ ಫಂಕ್ಷನ್ ಇದೆ. ನಾನು ಅದಕ್ಕೆ ‘ಅಡಿಕೆ’ ಎಂದು ಕೊಟ್ಟೆ. ಖಾಲಿ ಬಂತು. ದಾಖಲೆಗಳಲ್ಲಿ ಓದಿ ‘ಅಲೋ ಯೂನಿಕೋಡ್’ ಎಂಬುದನ್ನು ‘ಟ್ರೂ’ ಮಾಡಿದೆ. ಈಗ ‘ಅಡಕ’ ಎಂದು ಬರುತ್ತಿದೆ. ‘ತೀರ್ಥಹಳ್ಳಿ’ ಕೊಟ್ಟರೆ ‘ತರಥಹಳಳ’. ನಾನು ಮಾಡಿದ ತಪ್ಪು ಏನು?

ಶಂಕರಘಟ್ಟದ ಹಳೆಯ ವಿದ್ಯಾರ್ಥಿ

‘ತರಥಹಳಳ’ ಓದಿ ಕಚೇರಿಯಲ್ಲಿ ಒಬ್ಬನೇ ನಕ್ಕೆ. ಈ ಸಲವೂ ತಪ್ಪು ನಿಮ್ಮದಲ್ಲ.

ಆ ಫಂಕ್ಷನ್ ಅಕ್ಷರ ಮತ್ತು ಅಂಕಿ ಅಲ್ಲದ್ದನ್ನೆಲ್ಲ ಕಿತ್ತುಹಾಕುತ್ತದೆ. ಯಾವುದು ಅಕ್ಷರ ಎಂದು ಅದು ಕೇಳುವುದು ಪೈಥಾನ್‌ನ ರೆಗ್ಯುಲರ್ ಎಕ್ಸ್‌ಪ್ರೆಷನ್ ಅನ್ನು. ಎಲ್ಲ ಭಾಷೆಯ ಲಿಪಿಗೂ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ನಮ್ಮ ‘ಡ’ ಒಂದು ಅಕ್ಷರ, ಅದರ ಮೇಲಿನ ಗುಡಿಸು ಬೇರೆಯೇ ಒಂದು ಸಂಕೇತ, ಅಕ್ಷರಕ್ಕೆ ಅಂಟುವ ಗುರುತು ಎಂಬ ಗುಂಪಿನದು. ಪೈಥಾನ್ ಆ ಗುಂಪನ್ನು ಅಕ್ಷರವೆಂದು ಎಣಿಸುವುದಿಲ್ಲ. ಗುಡಿಸು, ಕೊಂಬು, ಎತ್ವ, ಅರ್ಧಾಕ್ಷರದ ವಿರಾಮ, ಸೊನ್ನೆ, ಎಲ್ಲವೂ ಕಸಕ್ಕೆ ಹೋಗುತ್ತವೆ. ಇಂಗ್ಲಿಷ್ ಉದಾಹರಣೆ ಮಾತ್ರ ಇರುವ ಪುಸ್ತಕಕ್ಕೆ ಇದು ಯಾವತ್ತೂ ಎದುರಾಗುವುದಿಲ್ಲ. ಪುಸ್ತಕದ ಉದಾಹರಣೆಯನ್ನೇ ಹೊಡೆದಿದ್ದರೆ ನಿಮಗೂ ಎದುರಾಗುತ್ತಿರಲಿಲ್ಲ.

ಇನ್ನೂ ಒಂದು ಗುಂಡಿ ಮುಂದಿದೆ. ವಿಳಾಸ ಬರೆಯುವಾಗ ‘ಸ್ಲಗ್’ ಎಂಬ ಪರಿವರ್ತಕ ಹಾಕಿದರೆ ಅದು ಇಂಗ್ಲಿಷ್ ಅಕ್ಷರ, ಅಂಕಿ, ಎರಡು ಬಗೆಯ ಅಡ್ಡಗೆರೆ ಬಿಟ್ಟು ಬೇರೆಯದನ್ನು ಒಳಗೆ ಬಿಡುವುದಿಲ್ಲ. ಹಾಗಾಗಿ ಕನ್ನಡ ವಿಳಾಸ ಬೇಕೇ ಬೇಕೆಂದರೆ ‘ಸ್ಟ್ರಿಂಗ್’ ಪರಿವರ್ತಕ ಬಳಸಿ, ಸ್ಲಗ್ ಮಾಡುವ ಫಂಕ್ಷನ್ ನೀವೇ ಬರೆಯಬೇಕು. ಆದರೆ ಸುಲಿತದ ಲೆಕ್ಕಕ್ಕೆ ಸ್ಲಗ್ ಯಾಕೆ? ಸಾಲಿನ ಕ್ರಮಸಂಖ್ಯೆಯನ್ನೇ ವಿಳಾಸದಲ್ಲಿ ಇಡಿ. ರಸೀದಿ ಪುಸ್ತಕದಲ್ಲೂ ನಂಬರ್ ತಾನೇ ಇರುವುದು.

ಸಾಗರದ ನಿವೃತ್ತ ಮೇಷ್ಟ್ರು

ನಲವತ್ತು ವರ್ಷ ಮಕ್ಕಳಿಗೆ ಕಾಗುಣಿತ ತಿದ್ದಿಸಿದೆ. ಈ ವಯಸ್ಸಿನಲ್ಲಿ ಪೈಥಾನ್‌ಗೂ ತಿದ್ದಿಸಬೇಕೆಂದರೆ ಹೇಗೆ.

ಅಂದ ಹಾಗೆ, ಸೆಟ್ಟಿಂಗ್‌ನಲ್ಲಿ ಭಾಷೆಯನ್ನು ಕನ್ನಡಕ್ಕೆ ಬದಲಿಸಿ ನೋಡಿ. ಅಡ್ಮಿನ್ ಪುಟದ ಹಲವು ಪದಗಳು ಕನ್ನಡದಲ್ಲಿ ಬರುತ್ತವೆ, ಉಳಿದವು ಇಂಗ್ಲಿಷ್‌ನಲ್ಲೇ ನಿಲ್ಲುತ್ತವೆ. ಮನೆಯ ಹಿರಿಯರಿಗೆ ಅಷ್ಟಾದರೂ ಅನುಕೂಲ.

ಆರಿದ್ರಾ (ಸುಲಿತ ಶುರುವಾದ ಮೇಲೆ)

ಕ್ರಮಸಂಖ್ಯೆಯೇ ಇಟ್ಟೆ. ಎರಡು ವಾರದಿಂದ ಓಡುತ್ತಿದೆ, ಸದ್ಯಕ್ಕೆ ನಮ್ಮ ಮನೆಯ ವೈಫೈ ಒಳಗೆ ಮಾತ್ರ. ಅತ್ತೆಯವರು ಮೊಬೈಲ್‌ನಲ್ಲಿ ತೂಕ ನಮೂದಿಸುತ್ತಾರೆ, ನಾನು ರಾತ್ರಿ ಕಿರ್ದಿಯ ಜೊತೆ ತಾಳೆ ನೋಡುತ್ತೇನೆ. ಮೊದಲ ಶನಿವಾರ 40 ರೂಪಾಯಿ ವ್ಯತ್ಯಾಸ ಬಂತು. ತಪ್ಪಿದ್ದು ಕಿರ್ದಿ.

ಪುಸ್ತಕದ ಒಂದು ಮಾತು ಕೇಳಿ ಕೆಟ್ಟದ್ದೂ ಹೇಳಬೇಕು. ಹೆಸರಿನ ಕಾಲಂಗೆ ‘ಯೂನಿಕ್’ ಎಂದು ಹಾಕಿ, ಒಂದೇ ಹೆಸರು ಎರಡು ಸಲ ಬರದಂತೆ ತಡೆಯುತ್ತದೆ ಎಂದಿದ್ದರು. ನಮ್ಮಲ್ಲಿ ಸುಲಿಯಲು ಬರುವ ಇಪ್ಪತ್ತಮೂರು ಜನರಲ್ಲಿ ಒಂದೇ ಹೆಸರಿನವರು ಮೂವರಿದ್ದಾರೆ. ಊರಿನಲ್ಲಿ ಅವರನ್ನು ಮೇಲಿನ ಕೇರಿ, ಕೆಳಗಿನ ಕೇರಿ, ಹೊಳೆಯಾಚೆ ಎಂದು ಗುರುತಿಸುತ್ತೇವೆ. ಎರಡನೆಯವರ ಹೆಸರನ್ನೇ ಸೇರಿಸಲು ಬಿಡಲಿಲ್ಲ. ಅವರು ಜಗಲಿಯಲ್ಲಿ ಕೂತು, ‘ನಿಮ್ಮ ಕಂಪ್ಯೂಟರ್‌ನಲ್ಲಿ ನಾನು ಇಲ್ಲವೇ?’ ಎಂದು ಕೇಳಿದರು.

‘ಯೂನಿಕ್’ ತೆಗೆದು, ‘ಕೇರಿ’ ಎಂಬ ಹೊಸ ಕಾಲಂ ಸೇರಿಸಿದೆ. ಹೊಸ ಮೈಗ್ರೇಷನ್ ಮಾಡಲು ಹೋದಾಗ ಜಾಂಗೋ ನಿಲ್ಲಿಸಿ ಕೇಳಿತು: ಹಿಂದಿನ ಸಾಲುಗಳಿಗೆ ಈ ಕಾಲಂನಲ್ಲಿ ಏನು ಹಾಕಲಿ? ಮೇಷ್ಟ್ರು ಹೇಳಿದ ಗೀಟಿನ ಮಾತು ಆಗ ನೆನಪಾಯಿತು.

ಸಾಗರದ ನಿವೃತ್ತ ಮೇಷ್ಟ್ರು

ಏನು ಹಾಕಿದಿರಿ?

ಆರಿದ್ರಾ

‘ಗೊತ್ತಿಲ್ಲ’ ಎಂದು ಹಾಕಿದೆ. ಆಮೇಲೆ ಒಬ್ಬೊಬ್ಬರನ್ನೇ ಕೇಳಿ ತಿದ್ದಿದೆ. ಇನ್ನು ಇಬ್ಬರದು ಬಾಕಿ, ಅವರು ಸೋಮವಾರ ಬರುತ್ತಾರೆ.

ಕೊನೆಗಾರ

ಆರಿದ್ರಾ ಅವರೇ, ಆ ಹೊಸ ಪುಸ್ತಕ ನೀವು ಓದಿ ಮುಗಿದ ಮೇಲೆ ಎರಡು ವಾರಕ್ಕೆ ಕೊಡುತ್ತೀರಾ? ಲಾಗೌಟ್ ಪುಟದ ಪೆನ್ಸಿಲ್ ಟಿಪ್ಪಣಿ ಒರೆಸುವುದಿಲ್ಲ.

ಆರಿದ್ರಾ

ಕೊಡುತ್ತೇನೆ ಅಣ್ಣ, ಸುಲಿತ ಮುಗಿಯಲಿ. ಅಲ್ಲಿಯ ತನಕ 2013ರದ್ದು ಬೇಕಾದರೆ ಈಗಲೇ ಕಳಿಸುತ್ತೇನೆ.